ಕ್ಯಾಸನೂರಿನಿಂದ ದೋಡಾಮಾರ್ಗಕ್ಕೆ

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಹೆಸರನ್ನು ಕೋವಿಡ್ ಕಾಲದಲ್ಲಿ ನಾವೆಲ್ಲ ನಿತ್ಯವೂ ಕೇಳಿದೆವು. ಆ ಸಂಸ್ಥೆಗೆ ಆರಂಭದಲ್ಲಿಯೇ ಕೀರ್ತಿ ತಂದ ಶೋಧ ನಮ್ಮ ಮಲೆನಾಡಿನದು ಎಂಬ ಸಂಗತಿ ಈ ಊರಿನ ಕನ್ನಡಿಗರಲ್ಲಿಯೂ ಹೆಚ್ಚಿನವರಿಗೆ ತಿಳಿದಿರಲಾರದು.

1952ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ವೈರಸ್ ರಿಸರ್ಚ್ ಸೆಂಟರ್ ಎಂಬ ಹೆಸರಿನಲ್ಲಿ ಅದು ಹುಟ್ಟಿತು. ಐದೇ ವರ್ಷದಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬೀಳುತ್ತಿರುವ ಸುದ್ದಿ ಬಂತು. ಕಾಡಿಗೆ ಹೋಗಿಬಂದ ಜನರೂ ಜ್ವರದಿಂದ ಹಾಸಿಗೆ ಹಿಡಿದರು. ದಕ್ಷಿಣ ಅಮೆರಿಕದಲ್ಲಿ ಹೀಗೆ ಮಂಗಗಳನ್ನು ಕೊಲ್ಲುವುದು ಹಳದಿ ಜ್ವರ. ಏಷ್ಯಾದಲ್ಲಿ ಎಂದೂ ಕಾಣದಿದ್ದ ಆ ಪಿಡುಗು ಕಡೆಗೂ ಬಂದಿತೇ ಎಂಬುದು ವಿಜ್ಞಾನಿಗಳ ಮೊದಲ ಭಯ. ಪುಣೆಯ ತಂಡ ಕಂಡುಕೊಂಡದ್ದು ಬೇರೆ. ಅದು ಸೊಳ್ಳೆಯಿಂದಲ್ಲ, ಉಣುಗಿನಿಂದ ಹರಡುವ ಹೊಸ ವೈರಸ್. ರಷ್ಯಾದ ಕಾಡುಗಳ ಒಂದು ಮೆದುಳು ಜ್ವರಕ್ಕೆ ಹತ್ತಿರದ ಸಂಬಂಧಿ. ಲೋಕದ ಪುಸ್ತಕಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆಯಾಯಿತು, ನಮಗೆ ಮಂಗನ ಕಾಯಿಲೆಯಾಗಿಯೇ ಉಳಿಯಿತು.

ಹಲವು ದಶಕಗಳ ಕಾಲ ಅದು ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳ ದುಃಖವಾಗಿತ್ತು. 2012ರಲ್ಲಿ ಬಂಡೀಪುರದಲ್ಲಿ, ಮರುವರ್ಷ ವಯನಾಡಿನಲ್ಲಿ, 2015ರಲ್ಲಿ ಗೋವೆಯ ಸತ್ತರಿಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿತು. ಸತ್ತರಿಯಲ್ಲಿ ಹೆಚ್ಚಾಗಿ ಅದಕ್ಕೆ ತುತ್ತಾದವರು ಗೇರುತೋಟಗಳ ಕೂಲಿಗಳು. ಗೇರುಬೀಜ ಆರಿಸಲು ಅಲ್ಲಿಗೆ ಹೋದ ಬೆಳಗಾವಿ ಜಿಲ್ಲೆಯ ಜನರೂ ಜ್ವರ ಹೊತ್ತು ಊರಿಗೆ ಮರಳಿದರು. ಗೇರಿನ ಸುಗ್ಗಿಯೂ ಮರಿ ಉಣುಗುಗಳು ಕಚ್ಚುವ ಕಾಲವೂ ಒಂದೇ ಆಗಿರುವುದು ಬಡವರ ದುರದೃಷ್ಟ. ರೋಗಿಯಿಂದ ರೋಗಿಗೆ ಇದು ಅಂಟುವುದಿಲ್ಲ ಎಂಬುದಷ್ಟೇ ಸಮಾಧಾನ.

ಇದೆಲ್ಲ ಹವಾಮಾನ ಬದಲಾವಣೆಯ ಫಲವೆಂದು ಬರೆದುಬಿಡುವುದು ಸುಲಭ. ನನಗೆ ಅಷ್ಟು ಧೈರ್ಯವಿಲ್ಲ. ಕಾಡು ಕಡಿದು ತೋಟ ಮಾಡಿದವರು ನಾವು, ಕಾಡಂಚಿನಲ್ಲಿ ದನ ಮೇಯಿಸಿ ಉಣುಗಿಗೆ ರಕ್ತ ಒದಗಿಸಿದವರೂ ನಾವೇ. ಪರೀಕ್ಷೆಗಳು ಹೆಚ್ಚಿದ್ದರಿಂದ ಹಿಂದೆ ಹೆಸರಿಲ್ಲದ ಜ್ವರಗಳಿಗೆ ಈಗ ಹೆಸರು ಸಿಕ್ಕಿರಲೂಬಹುದು. ಆದರೆ ಉಣುಗಿನ ಪಂಚಾಂಗ ಮಳೆಯದೇ: ಬೆಳೆದವು ಮಳೆಗಾಲದಲ್ಲಿ ದನಗಳಿಗೆ ಹತ್ತುತ್ತವೆ, ಮಳೆ ನಿಂತ ಮೇಲೆ ಮೊಟ್ಟೆಯೊಡೆದು ಮರಿಗಳು ಬರುತ್ತವೆ, ಅವು ಬೆಳೆದು ಒಣದಿನಗಳಲ್ಲಿ ಮಂಗನನ್ನೂ ಮನುಷ್ಯನನ್ನೂ ಹುಡುಕುತ್ತವೆ. ಮಳೆ ಹಿಂದುಮುಂದಾದರೆ ಈ ಕ್ರಮ ಹಾಗೆಯೇ ಉಳಿದೀತೆಂದು ನಂಬುವುದು ಕಷ್ಟ. ಸೊಳ್ಳೆಯ ವಿಷಯದಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಇದೇ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಈ ನಗರದ ಡೆಂಗ್ಯೂ ಸಾವುಗಳನ್ನು ಪರಿಶೀಲಿಸಿ, ಮಳೆಗಾಲದ ಉಷ್ಣಾಂಶ 27 ಡಿಗ್ರಿ ದಾಟಿ, ಸಾಧಾರಣ ಮಳೆ ಬಹುದಿನಗಳಿಗೆ ಹರಡಿಕೊಂಡಾಗ ಅವು ಹೆಚ್ಚುತ್ತವೆಂದು 2025ರಲ್ಲಿ ಪ್ರಕಟಿಸಿದರು.

ಮಂಗನ ಕಾಯಿಲೆಗಿದ್ದ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಸಿಂಧುದುರ್ಗದ ಜನ ಈಗ ಈ ರೋಗವನ್ನು ಮಾಕಡತಾಪ ಎನ್ನುತ್ತಾರೆ. ಮರಾಠಿಗೆ ಆ ಪದದ ಅಗತ್ಯ ಬೀಳಲು ಸುಮಾರು ಅರವತ್ತು ವರ್ಷ ಹಿಡಿಯಿತು.