ಲಿಪ್ಪೆಯ ಒಡೆಯರು

ಜರ್ಮನಿಯ ವಾಯವ್ಯಕ್ಕಿರುವ ವೆಸ್ಟ್‌ಫಾಲಿಯಾ ಸೀಮೆಯಲ್ಲಿ ಲಿಪ್ಪೆ ಎಂಬ ನದಿಯೊಂದು ಹರಿಯುತ್ತದೆ. ಅದರ ದಡದಲ್ಲಿ ಅಲ್ಪ ಭೂಮಿಯನ್ನು ಆಳಿಕೊಂಡಿದ್ದ ಮನೆತನವೊಂದು 1123ರಲ್ಲಿ ಆ ನದಿಯ ಹೆಸರಿನಿಂದಲೇ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಕಡೆ ಕಲೋನಿನ ಆರ್ಚ್‌ಬಿಷಪ್ಪನು, ಇನ್ನೊಂದು ಕಡೆ ಪಾಡರ್‌ಬಾರ್ನಿನ ಬಿಷಪ್ಪನು. ಇವರ ನಡುವೆ ಇಂಥ ಪಾಳೆಯಗಾರರು ತಲೆಯೆತ್ತಿ ನಿಲ್ಲುವುದೇ ಕಷ್ಟವಾಗಿದ್ದಿತು. ಲಿಪ್ಪೆಯವರಾದರೋ 1528ರಲ್ಲಿ ಕೌಂಟರಾಗಿ, 1789ರಲ್ಲಿ ರಾಜಪದವಿಗೇರಿ, 1918ರ ವರೆಗೂ ಆಳಿದರು. ಈ ದೀರ್ಘಾಯುಸ್ಸಿಗೆ ತಳಹದಿಯನ್ನು ಹಾಕಿದವನು ಎರಡನೆಯ ಬರ್ನ್‌ಹಾರ್ಡನು.

1140ರ ಸುಮಾರಿಗೆ ಹುಟ್ಟಿದ ಇವನು ಕಿರಿಯ ಮಗನಾದುದರಿಂದ ಹಿಲ್ಡೆಸ್‌ಹೈಮಿನಲ್ಲಿ ಪಾದ್ರಿಯ ವೃತ್ತಿಗೆ ಸಿದ್ಧನಾಗುತ್ತಿದ್ದನು. ಅಣ್ಣನು ತೀರಿಕೊಳ್ಳಲು, ಪುಸ್ತಕವನ್ನು ಬಿಟ್ಟು ಕತ್ತಿಯನ್ನು ಹಿಡಿಯಬೇಕಾಯಿತು. ಹಿಡಿದದ್ದನ್ನು ಚೆನ್ನಾಗಿಯೇ ಹಿಡಿದನೆನ್ನಬೇಕು. ಸ್ಯಾಕ್ಸನಿಯ ಡ್ಯೂಕನಾದ ಸಿಂಹ ಹೆನ್ರಿಯ ಪಕ್ಷವನ್ನು ವಹಿಸಿ, ಕಲೋನಿನ ಆರ್ಚ್‌ಬಿಷಪ್ಪನಿಗೆ ಸೇರಿದ ಸೋಸ್ಟ್ ಪಟ್ಟಣದ ಸುತ್ತಣ ಪ್ರದೇಶವನ್ನು ಹಾಳುಮಾಡಿದನು. ಹಾಲ್ಡೆನ್ಸ್‌ಲೆಬೆನ್ ಕೋಟೆಯಲ್ಲಿ ಮುತ್ತಿಗೆಯನ್ನು ಎದುರಿಸಿ ಬಹುಕಾಲ ನಿಂತನು. ಕೊನೆಗೆ ಶತ್ರುಗಳು ಓರೆ ನದಿಗೆ ಕಟ್ಟೆಕಟ್ಟಿ ಊರೊಳಕ್ಕೆ ನೀರನ್ನು ನುಗ್ಗಿಸಿದ ಮೇಲೆಯೇ, 1181ರಲ್ಲಿ, ಕೋಟೆಯನ್ನು ಒಪ್ಪಿಸಿದನು. ಹೆನ್ರಿಯು ದೇಶಭ್ರಷ್ಟನಾದನು, ಬರ್ನ್‌ಹಾರ್ಡನು ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನೊಡನೆ ಸಂಧಿಮಾಡಿಕೊಂಡು ಊರಿಗೆ ಮರಳಿದನು.

ಮರಳಿದವನು ಕೈಕೊಂಡ ಕೆಲಸವೇ ಬೇರೆ. 1185ರ ಸುಮಾರಿಗೆ ನದಿಯ ದಡದಲ್ಲಿ ಲಿಪ್‌ಸ್ಟಾಟ್ ಎಂಬ ಪಟ್ಟಣವನ್ನೂ, ಕೆಲವು ವರ್ಷಗಳಲ್ಲಿಯೇ ಲೆಮ್ಗೊ ಎಂಬುದನ್ನೂ ಕಟ್ಟಿಸಿದನು. ನೆಲ ಕಡಮೆಯಿದ್ದ ಒಡೆಯನಿಗೆ ಸಂತೆಯ ಸುಂಕವೂ ಮನೆಗಂದಾಯವೂ ಗದ್ದೆಹೊಲಗಳಿಗಿಂತ ಹೆಚ್ಚು ಆದಾಯವನ್ನು ತರಬಲ್ಲವು. ಪೇಟೆಯ ಕೋಟೆಗೋಡೆಯು ಒಡೆಯನ ರಕ್ಷಣೆಗೂ ಒದಗುತ್ತದೆ. ಆದರೆ ವರ್ತಕರನ್ನೂ ಕಸುಬುದಾರರನ್ನೂ ಬಲಾತ್ಕಾರದಿಂದ ತಂದು ಕೂಡಿಸಲಾಗದು. ಆದುದರಿಂದ ತಮಗೆ ಬೇಕಾದ ಕಾನೂನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಲಿಪ್‌ಸ್ಟಾಟಿನ ಪೌರರಿಗೆ ಕೊಟ್ಟನು. ಅವರು ಆರಿಸಿಕೊಂಡದ್ದು ಸೋಸ್ಟ್ ಪಟ್ಟಣದ ಕಾನೂನನ್ನು! ತಾನು ಯಾವ ಸೀಮೆಯನ್ನು ಹಾಳುಮಾಡಿದ್ದನೋ ಅಲ್ಲಿಯ ಕಟ್ಟಳೆಯನ್ನೇ ಬರ್ನ್‌ಹಾರ್ಡನು ತನ್ನ ಪಟ್ಟಣಕ್ಕೆ ಒಪ್ಪಿಕೊಂಡನು.

ವಯಸ್ಸಾಗುತ್ತ ಅವನ ಕಾಲುಗಳು ಸ್ವಾಧೀನ ತಪ್ಪಿದುವು. ಪತ್ನಿ ಹೈಲ್ವಿಗಳನ್ನೂ ಮಕ್ಕಳನ್ನೂ ಬಿಟ್ಟು, ತಾನೂ ಸೇರಿ ಸ್ಥಾಪಿಸಿದ್ದ ಮರಿಯನ್‌ಫೆಲ್ಡ್ ಮಠದಲ್ಲಿ ಸಂನ್ಯಾಸಿಯಾದನು. ಅಲ್ಲಿ ಕಾಲು ಗುಣವಾಯಿತೆಂದು ಅವನ ಚರಿತ್ರೆಯನ್ನು ಹಾಡಿದ ಲ್ಯಾಟಿನ್ ಕಾವ್ಯ ‘ಲಿಪ್ಪಿಫ್ಲೋರಿಯಂ’ ಹೇಳುತ್ತದೆ; ಕವಿಯ ಮಾತು ಹೇಗೇ ಇರಲಿ, ಮುದುಕನು ಮಠದಲ್ಲಿ ಕುಳಿತಿರಲಿಲ್ಲವೆಂಬುದು ನಿಜ. ಬಾಲ್ಟಿಕ್ ತೀರದ ಲಿವೋನಿಯಕ್ಕೆ ಹೋಗಿ 1211ರಲ್ಲಿ ಡ್ಯೂನಮ್ಯುಂಡೆಯ ಮಠಾಧಿಪತಿಯೂ, 1218ರಲ್ಲಿ ಸೆಲೋನಿಯದ ಬಿಷಪ್ಪನೂ ಆದನು. ಅವನಿಗೆ ಬಿಷಪ್ ದೀಕ್ಷೆಯನ್ನು ಕೊಟ್ಟವನು ಅವನ ಮಗನೇ ಆದ, ಯುಟ್ರೆಕ್ಟಿನ ಬಿಷಪ್ ಆಟೋ. ತಂದೆಯು 1224ರಲ್ಲಿ ಅಲ್ಲಿಯೇ ತೀರಿಕೊಂಡನು.

ಹಿರಿಯ ಮಗ ಹರ್ಮನ್ನನಿಗೆ ಒಡೆತನ, ಆಟೋವಿಗೆ ಯುಟ್ರೆಕ್ಟ್, ಗೆರ್ಹಾರ್ಡನಿಗೆ ಬ್ರೆಮೆನಿನ ಆರ್ಚ್‌ಬಿಷಪ್ ಪೀಠ, ಹಲವು ಹೆಣ್ಣುಮಕ್ಕಳಿಗೆ ಕನ್ಯಾಮಠಗಳ ಆಡಳಿತ. ಆಸ್ತಿಯನ್ನು ತುಂಡುಮಾಡದೆ ಮನೆತನವು ಹೀಗೆ ಹರಡಿತು. ಆದರೆ ಪೀಠಗಳೊಡನೆ ಪೀಠಗಳ ಕಲಹಗಳೂ ಬಂದುವು. 1227ರಲ್ಲಿ ಆನೆ ಎಂಬ ಡಚ್ ಹಳ್ಳಿಯ ಬಳಿ ಆಟೋವಿನ ಕವಚಧಾರಿ ಸವಾರರು ಜೌಗುನೆಲದಲ್ಲಿ ಹೂತುಹೋಗಲು, ಡ್ರೆಂಟೆಯ ರೈತರು ಬಿಷಪ್ಪನನ್ನು ಅಲ್ಲಿಯೇ ಕೊಂದರು. ಎರಡು ವರ್ಷಗಳ ತರುವಾಯ, ವೇಸರ್ ನದಿಯ ಜವುಗನ್ನು ತಮ್ಮ ದುಡಿಮೆಯಿಂದ ಹೊಲವಾಗಿಸಿದ್ದ ಸ್ಟೇಡಿಂಗರೆಂಬ ರೈತರು ಬ್ರೆಮೆನಿಗೆ ತೆರಿಗೆಯನ್ನು ಕೊಡಲೊಪ್ಪದಿರಲು, ತಮ್ಮನ ನೆರವಿಗೆ ಹೋದ ಹರ್ಮನ್ನನೂ ಅವರ ಕೈಯಲ್ಲಿ ಮಡಿದನು. ಗೆರ್ಹಾರ್ಡನು ಅಣ್ಣನ ಸ್ಮರಣೆಗಾಗಿ ಲಿಲಿಯನ್‌ಟಾಲಿನಲ್ಲಿ ಕನ್ಯಾಮಠವನ್ನು ಸ್ಥಾಪಿಸಿದನು. ಆ ರೈತರನ್ನು ಪಾಷಂಡಿಗಳೆಂದು ಸಾರಿಸಿ, ಪೋಪ್ ಒಂಬತ್ತನೆಯ ಗ್ರೆಗರಿಯಿಂದ ಅವರ ಮೇಲೆ ಧರ್ಮಯುದ್ಧಕ್ಕೆ ಅಪ್ಪಣೆಯನ್ನೂ ತಂದನು. 1234ರಲ್ಲಿ ಆಲ್ಟೆನೆಶ್ ಎಂಬಲ್ಲಿ ಅವರನ್ನು ನಿರ್ಮೂಲಮಾಡಲಾಯಿತು. ಕೊಡದ ತೆರಿಗೆಯು ದೇವದ್ರೋಹವೆನಿಸಿಕೊಂಡದ್ದು ಹೀಗೆ.

ಬರ್ನ್‌ಹಾರ್ಡನ ಪಟ್ಟಣಗಳ ಕಥೆ ಬೇರೆ. ಮುಂದೆ 1344ರಲ್ಲಿ ಅಣ್ಣತಮ್ಮಂದಿರು ನಾಡನ್ನು ಪಾಲುಮಾಡಿಕೊಂಡು ಮನೆತನವು ಕ್ಷೀಣಿಸಿತು. ಆ ಸಂಕಟದಿಂದ ಪಾರಾಗಲು ಮೂರನೆಯ ಸೈಮನ್ನನು 1368ರಲ್ಲಿ ಕರಾರೊಂದನ್ನು ಬರೆದುಕೊಟ್ಟನು: ಇನ್ನು ನಾಡು ಒಡೆಯತಕ್ಕದ್ದಲ್ಲ, ಲಿಪ್‌ಸ್ಟಾಟ್ ಮತ್ತು ಲೆಮ್ಗೊ ಪಟ್ಟಣಗಳು ಯಾರನ್ನು ಒಪ್ಪುವುವೋ ಅವನೇ ಒಡೆಯನು. ಪ್ರಜೆಗಳು ತನ್ನ ವಂಶಕ್ಕೆ ತೀರ್ಪುಗಾರರಾಗಲೆಂದು ಒಪ್ಪಿದ ಅದೇ ಸೈಮನ್ನನು, ಎಂಟು ವರ್ಷಗಳಲ್ಲಿಯೇ ಹಣದ ಮುಗ್ಗಟ್ಟಿನಿಂದ ಲಿಪ್‌ಸ್ಟಾಟನ್ನು ಮಾರ್ಕ್ ಸೀಮೆಯ ಕೌಂಟನಿಗೆ ಒತ್ತೆಯಿಟ್ಟನು. ಅಂದಿನಿಂದ ಪಟ್ಟಣವು ಪೂರ್ತಿಯಾಗಿ ಲಿಪ್ಪೆಯವರ ಕೈಗೆ ಮರಳಲೇ ಇಲ್ಲ. 1850ರಲ್ಲಿ ಅವರ ಉಳಿದ ಪಾಲೂ ಪ್ರಷ್ಯಕ್ಕೆ ಸೇರಿತು.