ಸೊಳ್ಳೆಯ ಸಾಕ್ಷ್ಯ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಿಗೆ ಡಿಡಿಟಿ ಬಂತು. ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳತ್ವದಲ್ಲಿ ಹೊರಟ ತಂಡಗಳು ಮನೆಯ ಗೋಡೆಗೂ ಕೊಟ್ಟಿಗೆಯ ಸೂರಿಗೂ ಮದ್ದು ಹೊಡೆದವು. ಘಟ್ಟದ ತೊರೆಗಳಲ್ಲಿ ಹುಟ್ಟಿ, ಮನೆಯೊಳಗೆ ರಕ್ತ ಹೀರಿ, ಅಲ್ಲಿನ ಗೋಡೆಯ ಮೇಲೆಯೇ ವಿರಮಿಸುತ್ತಿದ್ದ ಫ್ಲುವಿಯಾಟಿಲಿಸ್ ಸೊಳ್ಳೆ ಸತ್ತುಬಿತ್ತು, ಚಳಿಜ್ವರ ಇಳಿಯಿತು. 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. 1958ರಲ್ಲಿ ಅದು ನಿರ್ಮೂಲನದ ಪಣ ತೊಟ್ಟಿತು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ 7.5 ಕೋಟಿ ಜನರನ್ನು ಹಿಡಿದು 8 ಲಕ್ಷ ಜನರನ್ನು ಕೊಲ್ಲುತ್ತಿತ್ತೆಂದು ಅಂದಾಜಿಸಿದ್ದ ರೋಗ, 1965ರ ವೇಳೆಗೆ ಲಕ್ಷದ ಆಸುಪಾಸಿಗೆ ಕುಸಿಯಿತು.

ಅಷ್ಟರಲ್ಲೇ ಗ್ರೀಸಿನಿಂದ ಬೇರೊಂದು ಸುದ್ದಿ ಹೊರಟಿತ್ತು. 1950ರ ದಶಕದ ಆರಂಭದಲ್ಲಿ ಅಲ್ಲಿನ ಅನಾಫಿಲಿಸ್ ಸಖರೋವಿ ಸೊಳ್ಳೆ ಡಿಡಿಟಿ ಹೊಡೆದ ಗೋಡೆಯ ಮೇಲೆ ಕುಳಿತೂ ಬದುಕಿ ಹಾರಿಹೋಗುತ್ತಿತ್ತು. ಇಂಥದ್ದನ್ನು ಕಂಡ ಅಧಿಕಾರಿ ಮೊದಲು ಶಂಕಿಸುವುದು ಮನುಷ್ಯರನ್ನೇ. ಪುಡಿ ಕಳಪೆಯೇ? ಬೆರೆಸುವಾಗ ನೀರು ಹೆಚ್ಚಾಯಿತೇ? ಪಂಪು ಹಿಡಿದವನು ಮೂಲೆ ಬಿಟ್ಟನೇ? ಸಿಂಪಡಿಸಿದ ಮೇಲೆ ಮನೆಯೊಡತಿ ಗೋಡೆಗೆ ಮಣ್ಣು ಸಾರಿಸಿದಳೇ? ಈ ಶಂಕೆಗಳನ್ನೆಲ್ಲ ಬದಿಗಿಟ್ಟು ಸೊಳ್ಳೆಯೊಂದನ್ನೇ ವಿಚಾರಿಸುವ ವಿಧಾನ ಬೇಕಾಯಿತು.

ಅದಕ್ಕೆ ದಾರಿ ತೋರಿದವರು ಲಂಡನ್ನಿನ ಜೆ. ಆರ್. ಬಸ್‌ವೈನ್. ಕೀಟನಾಶಕವನ್ನು ಎಣ್ಣೆಯಲ್ಲಿ ಕರಗಿಸಿ ಸೋಸುಕಾಗದಕ್ಕೆ ಹೀರಿಸಿ, ಆ ಕಾಗದವನ್ನು ಕೊಳವೆಯ ಒಳಮೈಗೆ ಸುತ್ತಿ, ಸೊಳ್ಳೆಗಳನ್ನು ಒಳಗೆ ಬಿಡುವುದು. ವಿಶ್ವ ಆರೋಗ್ಯ ಸಂಸ್ಥೆ ಈ ಪದ್ಧತಿಯನ್ನು ಜಗತ್ತಿಗೆಲ್ಲ ಒಂದೇ ಅಳತೆಗೆ ತಂದಿತು. ಡಿಡಿಟಿಗೆ ಶೇ. 4ರ ಕಾಗದ ನಿರ್ಣಾಯಕವಾಯಿತು. ಕೆಂಪು ಚುಕ್ಕೆಯ ಕೊಳವೆ ವಿಷಕ್ಕೆ, ಹಸಿರು ಚುಕ್ಕೆಯದು ವಿಶ್ರಾಂತಿಗೆ. ನಸುಕಿನಲ್ಲಿ ಟಾರ್ಚು ಹಿಡಿದು ಕೊಟ್ಟಿಗೆಯ ಗೋಡೆಯಿಂದ ಹೀರುಗೊಳವೆಯಲ್ಲಿ ಒಂದೊಂದಾಗಿ ಸೆಳೆದು ತಂದ ಹೆಣ್ಣು ಸೊಳ್ಳೆಗಳನ್ನು ಕೊಳವೆಗೆ ಸುಮಾರು 20ರಂತೆ ಬಿಡುತ್ತಿದ್ದರು. ವಿಷದೊಡನೆ ಒಂದು ಗಂಟೆ. ಬಳಿಕ ನೆನೆಸಿದ ಹತ್ತಿಯಿಟ್ಟು 24 ಗಂಟೆಯ ಕಾವಲು. ಆಮೇಲೆ ಸತ್ತವುಗಳ ಎಣಿಕೆ. ಪಕ್ಕದಲ್ಲಿ ಎಣ್ಣೆಯನ್ನಷ್ಟೇ ಹೀರಿದ ಕಾಗದದ ಕೊಳವೆಯೂ ಇರಲೇಬೇಕು. ಅದರಲ್ಲಿ ಶೇ. 20ಕ್ಕಿಂತ ಹೆಚ್ಚು ಸತ್ತರೆ ಇಡೀ ಪರೀಕ್ಷೆ ರದ್ದು. ಪರೀಕ್ಷೆಯ ಹಿರಿಮೆಯೆಲ್ಲ ಈ ಕಟ್ಟುಪಾಡಿನಲ್ಲಿದೆ ಎಂದು ನನ್ನ ನಂಬಿಕೆ: ದಾರಿಯ ದಣಿವಿಗೋ ಸೆಕೆಗೋ ಸತ್ತ ಸೊಳ್ಳೆಯನ್ನು ವಿಷದ ಖಾತೆಗೆ ಬರೆಯಲು ಅದು ಬಿಡಲಿಲ್ಲ.

1956ರಲ್ಲಿ ಜಾರ್ಜ್ ಡೇವಿಡ್‌ಸನ್ ಆಫ್ರಿಕದ ಗ್ಯಾಂಬಿಯೇ ಸೊಳ್ಳೆಗಳ ತಳಿಗಳನ್ನು ಬೆರೆಸಿ ನೋಡಿ, ಡೀಲ್ಡ್ರಿನ್ ಎಂಬ ವಿಷವನ್ನು ತಡೆದುಕೊಳ್ಳುವ ಶಕ್ತಿ ಒಂದೇ ಒಂದು ವಂಶವಾಹಿಯಿಂದ ಮರಿಗಳಿಗೆ ಇಳಿಯುವುದನ್ನು ತೋರಿಸಿದರು. ವಿಷವು ಸೊಳ್ಳೆಗೆ ಹೊಸ ಬಲ ಕೊಟ್ಟಿರಲಿಲ್ಲ; ಜರಡಿಯಂತೆ ಬಲ್ಲಿದವನ್ನು ಉಳಿಸಿ ಉಳಿದವನ್ನು ತೆಗೆದುಹಾಕಿತ್ತು.

ಭಾರತದಲ್ಲಿ ಗ್ರಾಮಾಂತರ ಮಲೇರಿಯಾದ ಮುಖ್ಯ ವಾಹಕವಾದ ಕ್ಯುಲಿಸಿಫೇಸಿಸ್ ಸೊಳ್ಳೆ ಡಿಡಿಟಿಗೆ ಮಣಿಯದಿರುವುದು ಆ ದಶಕ ಮುಗಿಯುವಷ್ಟರಲ್ಲಿ ಇಂದಿನ ಗುಜರಾತಿನ ಪಂಚಮಹಲ್ ಜಿಲ್ಲೆಯಲ್ಲಿ ತಿಳಿದುಬಂತು. ನಿರ್ಮೂಲನದ ಪಣಕ್ಕೂ ಈ ಸಾಕ್ಷ್ಯಕ್ಕೂ ನಡುವೆ ಅಂತರ ಅಷ್ಟು ಕಿರಿದು! ಆದರೆ ಬೆಟ್ಟಸೀಮೆಯ ಫ್ಲುವಿಯಾಟಿಲಿಸ್ ದೇಶದ ಹೆಚ್ಚಿನ ಕಡೆ ಡಿಡಿಟಿಗೆ ಸಾಯುತ್ತಲೇ ಇತ್ತು. ಒಂದು ಜಿಲ್ಲೆಯಲ್ಲಿ ಜೀವ ಉಳಿಸುವ ಪುಡಿ ಮತ್ತೊಂದರಲ್ಲಿ ಬರಿಯ ಸುಣ್ಣ. ಯಾವುದು ಎಲ್ಲಿ ಎಂಬುದನ್ನು ಆಯಾ ಊರಿನ ಸೊಳ್ಳೆಯೇ ಹೇಳಬೇಕಿತ್ತು.

1976ರಲ್ಲಿ ಮಲೇರಿಯಾ 64 ಲಕ್ಷ ಜನರನ್ನು ಹಿಡಿಯಿತು. ಹೊಣೆಯೆಲ್ಲ ಸೊಳ್ಳೆಯದಲ್ಲ, ಕೀಟನಾಶಕದ ಕೊರತೆಯೂ ಗೆದ್ದೆವೆಂಬ ಮೈಮರೆವೂ ಜೊತೆಗಿದ್ದವು. ಮರುವರ್ಷ ಜಾರಿಗೆ ಬಂದ ಪರಿಷ್ಕೃತ ಕಾರ್ಯಯೋಜನೆ ಕೊಳವೆಯ ತೀರ್ಪನ್ನೇ ಸಿಂಪಡಣೆಯ ನಿಯಮವಾಗಿಸಿತು: ಸೊಳ್ಳೆ ಮಣಿಯುವಲ್ಲಿ ಡಿಡಿಟಿ ಎರಡು ಸುತ್ತು, ಅದಕ್ಕೆ ಮಣಿಯದಿದ್ದರೆ ಬಿಎಚ್‌ಸಿ ಮೂರು ಸುತ್ತು, ಎರಡಕ್ಕೂ ಜಗ್ಗದಲ್ಲಿ ಮೆಲಾಥಿಯಾನ್ ಮೂರು ಸುತ್ತು.