‘ರಾ’ ಶಬ್ದದ ದೊಡ್ಡಕ್ಷರಗಳು

ಇಂಗ್ಲಿಷ್ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳೆಂಬ ಎರಡು ಬಗೆಗಳಿರುವುದಷ್ಟೆ. ಕನ್ನಡದಲ್ಲಿ ಈ ಭೇದವಿಲ್ಲ. ಆದುದರಿಂದ ಅಕ್ಷರದ ಆಕಾರಮಾತ್ರದಿಂದಲೇ ಒಂದು ಶಬ್ದದ ಹುಟ್ಟಿನ ವಿಷಯದಲ್ಲಿ ಭ್ರಾಂತಿಯುಂಟಾದೀತೆಂಬುದು ನಮಗೆ ಬೇಗನೆ ಹೊಳೆಯುವುದಿಲ್ಲ. ಡಿಜಿಟಲ್ ಛಾಯಾಗ್ರಹಣದ ಪರಿಭಾಷೆಯಲ್ಲಿ ಅಂತಹ ಉದಾಹರಣೆಯೊಂದುಂಟು.

ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಫಲಕದಿಂದ ಬಂದ ಮಾಹಿತಿಯನ್ನು ಬಹುಮಟ್ಟಿಗೆ ಸಂಸ್ಕರಿಸದೆ ಕಾಪಿಡುವ ಕಡತಕ್ಕೆ ‘ರಾ’ ಎಂದು ಹೆಸರು. ಹಸಿಯಾದುದು, ಬೇಯಿಸದುದು ಎಂಬರ್ಥದ ಸಾಮಾನ್ಯ ಇಂಗ್ಲಿಷ್ ಶಬ್ದವಿದು. ಆದರೂ ಅನೇಕ ಕೈಪಿಡಿಗಳಲ್ಲಿ ಇದರ ಮೂರಕ್ಷರಗಳನ್ನೂ ದೊಡ್ಡದಾಗಿಯೇ ಅಚ್ಚುಮಾಡಿರುತ್ತಾರೆ. ಅದನ್ನು ಕಂಡ ಹೊಸಬನು ಒಂದೊಂದಕ್ಷರಕ್ಕೂ ಒಂದೊಂದು ಪದವಿರಬೇಕೆಂದು ಊಹಿಸಿ ಹುಡುಕತೊಡಗುವನು. ಇಂತಹ ವ್ಯರ್ಥಶ್ರಮವನ್ನು ಈ ಲೇಖಕನೂ ಪಟ್ಟದ್ದುಂಟು.

ಇದನ್ನು ಸಹವಾಸದೋಷವೆನ್ನಬಹುದು. ‘ಜೆಪೆಗ್’ ಎಂಬುದು 1986ರಲ್ಲಿ ಕೂಡಿದ ತಜ್ಞಮಂಡಲಿಯೊಂದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದುದು. ಅದೇ ವರ್ಷ ಆಲ್ಡಸ್ ಸಂಸ್ಥೆಯು ಹೊರತಂದ ‘ಟಿಫ್’ ಎಂಬುದೂ ಹಾಗೆಯೇ ಸಂಕ್ಷೇಪ. ಅವುಗಳಿಗೆ ದೊಡ್ಡಕ್ಷರವು ನ್ಯಾಯವಾಗಿಯೇ ಸಲ್ಲುತ್ತದೆ. ಅವುಗಳ ಪಕ್ಕದಲ್ಲಿ ಕುಳಿತ ‘ರಾ’ ಶಬ್ದಕ್ಕೂ ಅದೇ ವೇಷ ಬಂದಿತು.

ಇನ್ನೊಂದು ಕಾರಣವು ಗಣಕಯಂತ್ರದ್ದು. 1981ರಲ್ಲಿ ಬಂದ ‘ಡಾಸ್’ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ಎಂಟಕ್ಷರ, ಅದರ ಜಾತಿಯನ್ನು ತಿಳಿಸುವ ಬಾಲಕ್ಕೆ ಮೂರಕ್ಷರ ಮಾತ್ರವೇ ಮಿತಿ. ಚಿಕ್ಕಕ್ಷರಗಳಲ್ಲಿ ಬರೆದರೂ ಯಂತ್ರವು ಅವನ್ನು ದೊಡ್ಡಕ್ಷರಗಳನ್ನಾಗಿ ಮಾಡಿಕೊಳ್ಳುತ್ತಿದ್ದಿತು. ಜೆಪೆಗ್‌ನ ನಾಲ್ಕಕ್ಷರಗಳಲ್ಲಿ ಒಂದು ಲೋಪವಾದುದು ಈ ಕಟ್ಟಿನಿಂದಲೇ. 1998ರಲ್ಲಿ ಜಪಾನಿನಲ್ಲಿ ಕ್ಯಾಮೆರಾ ಕಡತಗಳಿಗಾಗಿ ಮಾಡಿದ ನಿಯಮವೂ ದೊಡ್ಡಕ್ಷರಗಳನ್ನೇ ಉಳಿಸಿಕೊಂಡಿತು. ಹೀಗೆ ಮೂರು ದೊಡ್ಡಕ್ಷರಗಳೆಂದರೆ ಕಡತದ ಜಾತಿಯೆಂಬ ಭಾವನೆ ಬೇರೂರಿತು. ‘ರಾ’ ಶಬ್ದಕ್ಕೆ ಇಂಗ್ಲಿಷಿನಲ್ಲಿ ಇರುವುದೂ ಮೂರೇ ಅಕ್ಷರಗಳು! ವಾಸ್ತವವಾಗಿ ಅದು ಒಂದು ಜಾತಿಯಲ್ಲ. ನಿಕಾನ್ ಕಡತದ ಬಾಲವೇ ಬೇರೆ, ಕ್ಯಾನನ್ ಕಡತದ್ದೇ ಬೇರೆ.

ಇದಕ್ಕೆ ವಿಪರೀತವಾದ ಪ್ರಸಂಗವೂ ಇದೆ. ಚಿತ್ರದ ಜೊತೆಗೆ ತೆಗೆದ ದಿನ, ವೇಳೆ ಮೊದಲಾದುವನ್ನು ದಾಖಲಿಸುವ ‘ಎಕ್ಸಿಫ್’ ಎಂಬುದು 1995ರಲ್ಲಿ ಜಪಾನಿನಲ್ಲಿ ಪ್ರಕಟವಾದ ನಿಜವಾದ ಸಂಕ್ಷೇಪ. ಆದರೆ ಅದರ ನಿರ್ಮಾಪಕರು ಬರೆಯುವುದು ಮೊದಲಕ್ಷರವೊಂದನ್ನೇ ದೊಡ್ಡದಾಗಿ! ಲೋಕವು ಅವರ ಮಾತನ್ನೂ ಕೇಳದೆ ಎಲ್ಲವನ್ನೂ ದೊಡ್ಡದು ಮಾಡಿದೆ.

ಅಡೋಬ್ ಸಂಸ್ಥೆಯು 2003ರಲ್ಲಿ ಹೊರತಂದ ‘ಕ್ಯಾಮೆರಾ ರಾ’ ಎಂಬ ಸಾಧನದ ಹೆಸರಿನಲ್ಲಿ ಶಬ್ದಗಳ ಮೊದಲಕ್ಷರಗಳು ಮಾತ್ರವೇ ದೊಡ್ಡವು. ಈ ಕ್ರಮವೇ ನಮಗೆ ಯುಕ್ತವಾಗಿ ತೋರುತ್ತದೆ. ಕನ್ನಡದಲ್ಲಿ ಬರೆಯುವವರು ಇದನ್ನು ‘ಆರ್. ಎ. ಡಬ್ಲ್ಯು.’ ಎಂದು ಬಿಡಿಸಿ ಬರೆದರೆ, ಇಲ್ಲದ ವಿಸ್ತಾರವನ್ನು ವಾಚಕರಿಂದ ಹುಡುಕಿಸಿದಂತಾಗುವುದು. ‘ರಾ’ ಎಂದೇ ಬರೆಯಬೇಕು. ‘ಹಸಿ ಕಡತ’ವೆಂದರೂ ಬಾಧಕವಿಲ್ಲ.